ಅಲ್ಯೂಮಿನಿಯಂಗೆ ಯಾವ ಗರಗಸ?

ಕಳೆದ ತಿಂಗಳು ನಮ್ಮ ಪುಣೆಯ ಫ್ಲಾಟಿನ ಅಡುಗೆಮನೆ ಕಿಟಕಿಗೆ ಸೊಳ್ಳೆ ಪರದೆಯ ಚೌಕಟ್ಟು ಮಾಡಲು ಹೊರಟೆ. ಅಲ್ಯೂಮಿನಿಯಂ ಸೆಕ್ಷನ್ ತಂದಿದ್ದೆ, ಮನೆಯಲ್ಲಿ ನಾಲ್ಕಿಂಚಿನ ಗ್ರೈಂಡರ್ ಇತ್ತು. ಕಬ್ಬಿಣ ಕತ್ತರಿಸುವ ಡಿಸ್ಕನ್ನೇ ಹಾಕಿದೆ. ಎರಡು ತುಂಡಾಗುವಷ್ಟರಲ್ಲಿ ಮೆತ್ತನೆಯ ಲೋಹ ಡಿಸ್ಕಿಗೆ ಅಂಟಿಕೊಂಡು, ಅದು ಕತ್ತರಿಸುವ ಬದಲು ಉಜ್ಜತೊಡಗಿತು. ಸೆಕ್ಷನ್ ಕೈ ಸುಡುವಷ್ಟು ಬಿಸಿ, ಅಂಚೆಲ್ಲ ಮುಳ್ಳುಮುಳ್ಳು.

ಇದೇ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿದರೆ ಹೇಗೆ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಮಾತಾಡಲಿಲ್ಲ. ಹೆಬ್ಬೆರಳಿನ ತುದಿಯಿಲ್ಲದ ತಮ್ಮ ಎಡಗೈ ತೋರಿಸಿದರು. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ಬ್ಲೇಡಿನ ಮೇಲೆ ಬರೆದಿದ್ದ ಮಿತಿ ಅದಕ್ಕಿಂತ ಕಡಿಮೆ. ಹಲ್ಲು ಲೋಹಕ್ಕೆ ಸಿಕ್ಕಿಕೊಂಡರೆ ಯಂತ್ರ ಕೈಯಿಂದ ಸಿಡಿಯುತ್ತದೆ. ಸುಮ್ಮನೆ ವಾಪಸ್ ಬಂದೆ.

ಆಮೇಲೆ ಕಲಿತದ್ದಿಷ್ಟು. ವರ್ಷಕ್ಕೊಮ್ಮೆ ನಾಲ್ಕು ತುಂಡು ಬೇಕಾದರೆ ಸಣ್ಣ ಹಲ್ಲಿನ ಹ್ಯಾಕ್ಸಾ, ಒಂದು ವೈಸ್, ಒಂದು ಅರ ಸಾಕು. ದಪ್ಪ ಗಟ್ಟಿ ಸರಳಿಗೆ ಬ್ಯಾಂಡ್ ಸಾ ಒಳ್ಳೆಯದು. ಚೌಕಟ್ಟಿನ ಮೂಲೆಗಳು ನೆಟ್ಟಗೆ ಕೂಡಬೇಕೆಂದರೆ ಮೈಟರ್ ಸಾ ಬೇಕು. ಚೌಕಟ್ಟಿಗೆ 45 ಡಿಗ್ರಿಯ ಎಂಟು ಕಡಿತ. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿಬಿಡುತ್ತದೆ. ನಮ್ಮ ಕೋಡಿನ ಬಗ್‌ಗಳ ಹಾಗೆಯೇ, ಎಲ್ಲ ಕೊನೆಗೆ ಒಟ್ಟಾಗಿ ಕಾಣಿಸುತ್ತದೆ.

ಯಂತ್ರಕ್ಕಿಂತ ಬ್ಲೇಡ್ ಮುಖ್ಯ. ಅಲ್ಯೂಮಿನಿಯಂಗೆಂದೇ ಮಾಡಿದ ಕಾರ್ಬೈಡ್ ಹಲ್ಲಿನ ಬ್ಲೇಡ್ ಕೇಳಿ. ತೆಳು ಸೆಕ್ಷನ್‌ಗೆ ಹತ್ತಿಂಚಿನ ಬ್ಲೇಡಿನಲ್ಲಿ 80 ಹಲ್ಲಾದರೂ ಇರಲಿ. ಹಲ್ಲುಗಳು ಮುಂದಕ್ಕೆ ಬಾಗದೆ ತುಸು ಹಿಂದಕ್ಕೆ ವಾಲಿರಲಿ, ಆಗ ಲೋಹವನ್ನು ಕಚ್ಚಿ ಎಳೆಯುವುದಿಲ್ಲ. ಬ್ಲೇಡಿನ ಮಿತಿ ಯಂತ್ರದ ವೇಗಕ್ಕಿಂತ ಹೆಚ್ಚಿರಲೇಬೇಕು.

ಕತ್ತರಿಸುವಾಗ ಸೆಕ್ಷನ್ ಅನ್ನು ಕ್ಲಾಂಪಿನಿಂದ ಬಿಗಿಯಿರಿ, ಕೈಯಲ್ಲಿ ಹಿಡಿಯಬೇಡಿ. ಬ್ಲೇಡಿಗೆ ಸ್ವಲ್ಪ ಮೇಣ ಹಚ್ಚಿದರೆ ಲೋಹ ಅಂಟುವುದಿಲ್ಲ. ಕಣ್ಣಿಗೆ ಕನ್ನಡಕ ಕಡ್ಡಾಯ. ತುಂಡಾದ ಮೇಲೆ ಬ್ಲೇಡ್ ಪೂರ್ತಿ ನಿಂತ ನಂತರವೇ ಮೇಲೆತ್ತಿ.

ನಾನೇನು ಮಾಡಿದೆ ಅಂತೀರಾ? ಒಂದು ಕಿಟಕಿಗಾಗಿ ಯಂತ್ರ ಕೊಳ್ಳಲಿಲ್ಲ. ಪಕ್ಕದ ಬೀದಿಯ ಫ್ಯಾಬ್ರಿಕೇಟರ್ ಹತ್ತಿರ ಎಂಟೂ ಕಡಿತ ಹಾಕಿಸಿಕೊಂಡು ಬಂದು ಜೋಡಿಸಿದೆ. ಕರ್ಣ ಅಳೆದೆ, ಎರಡೂ ಸಮ. ಸೊಳ್ಳೆ ಬರುತ್ತಿಲ್ಲ, ಹತ್ತು ಬೆರಳೂ ಕೀಬೋರ್ಡಿನ ಮೇಲಿವೆ.