ವಂಶವೃಕ್ಷದಲ್ಲಿ ಕಾಣದ ಕೊಂಬೆಗಳು

ಊರು ಬಿಟ್ಟು ಎರಡು ಮೂರು ತಲೆಮಾರು ಕಳೆದ ಮೇಲೆ ಮನೆತನದ ನೆನಪು ಒಂದೆರಡು ಹೆಸರುಗಳಿಗೆ ಇಳಿಯುತ್ತದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಮಕ್ಕಳು ಇಂದು ಮುತ್ತಜ್ಜನ ಊರು ಯಾವುದು, ಮನೆತನದ ಬಸದಿ ಎಲ್ಲಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ಹಿರಿಯರು ವಿರಳ. ಸಮಾಧಾನದ ಸಂಗತಿಯೆಂದರೆ, ಈ ಉತ್ತರದ ಒಂದು ಭಾಗವನ್ನು ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ಹುಡುಕುವುದು ಈಗ ಸಾಧ್ಯವಾಗಿದೆ. ಆದರೆ ಹುಡುಕಲು ಹೊರಟವರು ಒಂದು ಮಾತನ್ನು ತಿಳಿದಿರಬೇಕು. ಅಲ್ಲಿ ದೊರೆಯುವುದು ಬಹುಮಟ್ಟಿಗೆ ಮನೆತನದ ಗಂಡಸರ ಚರಿತ್ರೆ ಮಾತ್ರ. ಉಳಿದರ್ಧವನ್ನು ಸಮಾಜವೇ ಬರೆಯಬೇಕಾಗಿದೆ.

ಹುಡುಕಾಟಕ್ಕೆ ಮೊದಲು ಬೇಕಾದುದು ಅಡ್ಡಹೆಸರಲ್ಲ, ಊರಿನ ಹೆಸರು. ಪಾಟೀಲ, ಉಪಾಧ್ಯೆ, ಚೌಗುಲೆ ಮುಂತಾದವು ವೃತ್ತಿ ಅಥವಾ ಅಧಿಕಾರದಿಂದ ಬಂದ ಹೆಸರುಗಳು. ಒಂದೇ ಅಡ್ಡಹೆಸರಿನ ಎರಡು ಮನೆಗಳಿಗೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಊರು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ, 1956ರ ನವೆಂಬರ್ 1ಕ್ಕೆ ಮುಂಚೆ ಆ ಊರು ಯಾರ ಆಡಳಿತದಲ್ಲಿತ್ತು ಎಂಬುದು. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬೈ ಪ್ರಾಂತಕ್ಕೂ ದಕ್ಷಿಣ ಕನ್ನಡವು ಮದರಾಸಿಗೂ ಕಲಬುರಗಿ, ಬೀದರ, ರಾಯಚೂರುಗಳು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. ಸಾಂಗ್ಲಿ, ಜಮಖಂಡಿ, ಕೊಲ್ಲಾಪುರಗಳಲ್ಲಿ ಸಂಸ್ಥಾನಿಕರ ಆಳ್ವಿಕೆಯಿತ್ತು. ಆದಕಾರಣ ಒಂದು ಮನೆತನದ ಕಾಗದಗಳು ಮೋಡಿ ಲಿಪಿಯಲ್ಲಿ, ಇನ್ನೊಂದರವು ಉರ್ದುವಿನಲ್ಲಿ ಇರಬಹುದು. ಮಂಗಳೂರು ಸೀಮೆಯ ಮನೆತನವೊಂದರ ಹಳೆಯ ದಾಖಲೆಯ ಜಾಡು ಚೆನ್ನೈನ ಎಳುಂಬೂರಿನಲ್ಲಿರುವ ತಮಿಳುನಾಡು ಅಭಿಲೇಖಾಲಯದವರೆಗೂ ಹೋಗಬಹುದು.

ಊರಿನೊಡನೆ ಸರ್ವೆ ನಂಬರು ಗೊತ್ತಿದ್ದರೆ ಕರ್ನಾಟಕ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಪಹಣಿಯನ್ನೂ ಮ್ಯುಟೇಶನ್ ವಿವರವನ್ನೂ ನೋಡಬಹುದು. ಸರ್ವೆ ನಂಬರು ಮರೆತವರಿಗೆ ‘ದಿಶಾಂಕ್’ ಆ್ಯಪ್ ಮತ್ತು ಕಂದಾಯ ಇಲಾಖೆ ಪ್ರಕಟಿಸಿರುವ ಗ್ರಾಮ ನಕ್ಷೆಗಳು ನೆರವಾಗುತ್ತವೆ. 2004ರಿಂದೀಚಿನ ನೋಂದಣಿಗಳ ಋಣಭಾರ ಪತ್ರ ‘ಕಾವೇರಿ’ಯಲ್ಲಿ ಸಿಗುತ್ತದೆ. ಗಡಿಯಾಚೆಯ ಊರುಗಳಿಗೆ ಮಹಾರಾಷ್ಟ್ರದ ‘ಮಹಾಭೂಲೇಖ’ದಲ್ಲಿ ಸಾತ್‌ಬಾರಾ ಉತಾರೆ ಇದೆ. ಜಮೀನಿಗಿಂತ ಹಿಂದಕ್ಕೆ ಹೋಗಬಯಸುವವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಲಭ್ಯ. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿ, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟವನ್ನು ಪ್ರತಿಯೊಂದು ಜೈನ ಮನೆಯೂ ಒಮ್ಮೆ ತೆರೆದು ನೋಡಬೇಕು.

ಇಷ್ಟೆಲ್ಲ ದೊರೆತರೂ ಕೊರತೆಯೊಂದು ಉಳಿಯುತ್ತದೆ. ಕಂದಾಯ ದಾಖಲೆ ಹುಟ್ಟಿದ್ದು ತೆರಿಗೆ ಕಟ್ಟುವವನನ್ನು ಗುರುತಿಸಲು, ಕುಟುಂಬವನ್ನು ನೆನಪಿಡಲು ಅಲ್ಲ. ಪಹಣಿಯ 9ನೆಯ ಕಾಲಂನಲ್ಲಿ ತಂದೆಯ ಬಳಿಕ ಮಗ, ಮಗನ ಬಳಿಕ ಮೊಮ್ಮಗ ಬರುತ್ತಾರೆ. ಹೆಂಗಸಿನ ಹೆಸರು ಹೆಚ್ಚಾಗಿ ಕಾಣುವುದು ಗಂಡ ತೀರಿಕೊಂಡಾಗ, ‘ಕೋಂ’ ಎಂಬ ಅಕ್ಷರದೊಡನೆ. ಆಕೆ ಯಾರ ಮಗಳು, ಯಾವ ಊರಿನಿಂದ ಬಂದವಳು ಎಂಬುದನ್ನು ಆ ಕಾಲಂ ಕೇಳುವುದಿಲ್ಲ. ಈ ದಾಖಲೆಗಳನ್ನಷ್ಟೇ ನೆಚ್ಚಿ ವಂಶವೃಕ್ಷ ಬರೆದರೆ ಅದು ಖಾತೆದಾರರ ಪಟ್ಟಿಯಾಗುತ್ತದೆಯೇ ಹೊರತು ಮನೆತನದ ಚರಿತ್ರೆಯಾಗುವುದಿಲ್ಲ.

ಇದೇ ಹಿಂದಿನಿಂದ ಬಂದ ಪದ್ಧತಿ ಎನ್ನುವವರು ಜೈನರ ಹಿಂದಿನ ಪದ್ಧತಿಯನ್ನೇ ಸರಿಯಾಗಿ ನೋಡಿಲ್ಲ. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಒಂದು ಶಾಸನ ಬರೆಸಿದ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ತಂದೆ ಭೀಮಪಯ್ಯನ ವಂಶವನ್ನು ಹೇಳುವ ಆ ಶಾಸನ, ತಾಯಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂಬುದನ್ನೂ ದಾಖಲಿಸುತ್ತದೆ. ತಂದೆಯ ಕಡೆಯ ಹಿರಿಯರು ವೆಂಗಿ ನಾಡಿನ ಬ್ರಾಹ್ಮಣರು. ತಾಯಿಯ ತವರು ಕನ್ನಡದ ಒಳನಾಡು. ಜಿನವಲ್ಲಭನು ತಾಯಿಯ ಹೆಸರನ್ನು ಕೈಬಿಟ್ಟಿದ್ದರೆ ಪಂಪನಿಗೂ ಅಣ್ಣಿಗೇರಿಗೂ ಇದ್ದ ಈ ನಂಟಿಗೆ ಕಲ್ಲಿನ ಸಾಕ್ಷ್ಯವೇ ಇರುತ್ತಿರಲಿಲ್ಲ. ಶ್ರವಣಬೆಳಗೊಳದ ಶಾಸನವೂ ಶಾಂತಲೆಯ ತಾಯಿ ಮಾಚಿಕಬ್ಬೆಯ ಸಲ್ಲೇಖನವನ್ನು ಹೇಳುವಾಗ ಆಕೆಯ ತವರಿನ ಹಿರಿಯರನ್ನು ಮರೆಯುವುದಿಲ್ಲ.

ತುಳುನಾಡಿನಲ್ಲಂತೂ ಅಳಿಯಸಂತಾನ ಪಾಲಿಸಿದ ಜೈನ ಮನೆತನಗಳಲ್ಲಿ ‘ಬಳಿ’ ನಡೆದುಬಂದದ್ದು ತಾಯಿಯಿಂದ ಮಗಳಿಗೆ. ಅಲ್ಲಿ ತಂದೆಯಿಂದ ತಂದೆಗೆ ಹಿಂದಕ್ಕೆ ಹೋದರೆ ಪ್ರತಿ ಮೆಟ್ಟಿಲಿನಲ್ಲೂ ಬೇರೊಂದು ಮನೆಯನ್ನು ಹೊಕ್ಕಂತಾಗುತ್ತದೆ. ಅಂಥ ಮನೆತನದ ವಂಶವೃಕ್ಷವನ್ನು ಇಂದು ಗಂಡುಸಂತತಿಯ ಮಾದರಿಯಲ್ಲಿ ಬರೆದರೆ ಚರಿತ್ರೆಯನ್ನೇ ತಿರುಚಿದ ಹಾಗೆ.

ಇದು ಕೇವಲ ನೆನಪಿನ ಪ್ರಶ್ನೆಯಾಗಿದ್ದರೆ ಇಷ್ಟು ಚರ್ಚೆ ಬೇಕಿರಲಿಲ್ಲ. ಹಿರಿಯರೊಬ್ಬರು ತೀರಿಕೊಂಡಾಗ ಪೌತಿ ಖಾತೆಗೆ ವಂಶವೃಕ್ಷ ಬೇಕು. ಅದರ ಆಧಾರ ಕುಟುಂಬದವರೇ ಬರೆದುಕೊಡುವ ಪ್ರಮಾಣಪತ್ರ. ಅದರಲ್ಲಿ ಗಂಡುಮಕ್ಕಳ ಹೆಸರಷ್ಟೇ ಬರೆದು, ಮದುವೆಯಾಗಿ ಪರ ಊರಿನಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಬಿಡುವ ರೂಢಿ ಎಲ್ಲರಿಗೂ ಗೊತ್ತಿರುವುದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯನ್ನಾಗಿಸಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಂತ ಇದ್ದಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಹೀಗಿರುವಾಗ ಮಗಳಿಲ್ಲದ ವಂಶವೃಕ್ಷಕ್ಕೆ ಸಹಿ ಹಾಕುವುದು ಸುಳ್ಳು ಪ್ರಮಾಣ. ಸತ್ಯವನ್ನು ಅಣುವ್ರತವೆಂದು ಒಪ್ಪಿದ ಶ್ರಾವಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ವಿಷಾದ.

ಮತದಾನದ ಹಕ್ಕಿಗೂ ಈ ವಿಷಯ ತಟ್ಟಿದೆ. 2025ರ ಕೊನೆಯಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಮತದಾರರು ಎರಡು ದಶಕಗಳ ಹಿಂದಿನ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಗಳ ಹೆಸರನ್ನು ಹುಡುಕಬೇಕಾಯಿತು. ಮದುವೆಯ ನಂತರ ಊರೂ ಹೆಸರೂ ಬದಲಾದ ಹೆಣ್ಣುಮಗಳಿಗೆ ಇಂಥ ಹುಡುಕಾಟ ಗಂಡಸಿಗಿಂತ ಕಷ್ಟ. ತವರಿನ ದಾಖಲೆಯೊಡನೆ ಅವಳ ನಂಟು ಕಾಗದದಲ್ಲಿ ಉಳಿದಿರಬೇಕಾದ ಅಗತ್ಯ ಇದರಿಂದಲೂ ಮನವರಿಕೆಯಾಗುತ್ತದೆ.

ಹೆಣ್ಣುಮಕ್ಕಳ ಹೆಸರು ಬರೆದರೆ ಆಸ್ತಿಯ ಜಗಳ ಏಳುತ್ತದೆ ಎಂಬ ಆಕ್ಷೇಪವಿದೆ. ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ. ಜಗಳ ಮುಂದಿನ ತಲೆಮಾರಿಗೆ ಹೋಗುತ್ತದೆ, ಅಷ್ಟೆ. ಅಕ್ಕತಂಗಿಯರು ಸ್ವಇಚ್ಛೆಯಿಂದ ಪಾಲು ಬಿಡುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರದ ದಾರಿಯಿದೆ. ಆಗಲೂ ಅವರ ಹೆಸರು ಕಾಗದದಲ್ಲಿ ಬರಲೇಬೇಕು. ಮದುವೆಯಾದವಳು ಗಂಡನ ಮನೆಯ ವೃಕ್ಷಕ್ಕೆ ಸೇರಿದವಳು ಎಂಬುದು ಇನ್ನೊಂದು ಆಕ್ಷೇಪ. ವಾಸ್ತವದಲ್ಲಿ ಅಲ್ಲಿ ಅವಳ ತವರಿಲ್ಲ, ಇಲ್ಲಿ ಅವಳೇ ಇಲ್ಲ. ಎರಡೂ ಕಡೆ ಬರೆದರೆ ಮಾತ್ರ ಅವಳು ಪೂರ್ಣವಾಗಿ ಉಳಿಯುತ್ತಾಳೆ.

ಮಾಡಬೇಕಾದ ಕೆಲಸ ಬಹಳ ದೊಡ್ಡದೇನಲ್ಲ. ಬಸದಿಗಳ ಆಡಳಿತ ಮಂಡಳಿಗಳು ತಮ್ಮಲ್ಲಿರುವ ಹಳೆಯ ಕಡತ, ದಾನದ ಲೆಕ್ಕಪುಸ್ತಕ, ಮದುವೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸಬೇಕು. ಮೂಲ ಬಸದಿಯಲ್ಲೇ ಇರಲಿ, ಪ್ರತಿ ಸಮಾಜಕ್ಕೆ ದೊರೆಯಲಿ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ಸಭೆ ಇಂದಿನ ದಕ್ಷಿಣ ಭಾರತ ಜೈನ ಸಭಾ ಆಗಿ ಬೆಳೆದಿದೆ. ಅಂಥ ಸಂಸ್ಥೆಗಳೂ ನಗರಗಳ ಕನ್ನಡ ಜೈನ ಸಂಘಗಳೂ ಇದಕ್ಕೆ ಹಣ ಮತ್ತು ಜನರನ್ನು ಒದಗಿಸಬಲ್ಲವು; ಮೋಡಿ ಓದಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕು. ಪ್ರತಿಯೊಂದು ವಂಶವೃಕ್ಷದಲ್ಲೂ ತಾಯಿಯ ಹೆಸರು, ಅವಳ ತವರೂರು, ಹೆಣ್ಣುಮಕ್ಕಳು ಮತ್ತು ಅವರ ಮಕ್ಕಳು ಇರಬೇಕು. ಬದುಕಿರುವವರ ಜನ್ಮದಿನ, ವಿಳಾಸಗಳನ್ನು ಬಹಿರಂಗವಾಗಿ ಹಾಕಬಾರದು, ವಂಚಕರಿಗೆ ಅವು ಸುಲಭದ ಸರಕು. ಮುಖ್ಯವಾಗಿ, ಚತುರ್ಥ, ಪಂಚಮ, ಬೋಗಾರ, ಕಾಸಾರ ಎಂದು ಸಂಬಂಧಗಳನ್ನು ಜರಡಿ ಹಿಡಿಯಲು ಈ ದಾಖಲೆಗಳು ಸಾಧನವಾಗಬಾರದು. ಪಂಪನಂಥವನ ಮನೆತನವೇ ಮತಾಂತರಗೊಂಡು ಜೈನವಾದದ್ದು ಎಂಬುದನ್ನು ನೆನೆದರೆ ವಂಶಶುದ್ಧಿಯ ಹೆಮ್ಮೆಗೆ ಆಧಾರವೇ ಉಳಿಯದು.

ಅಂತರ್ಜಾಲವನ್ನು ತೆರೆಯುವ ಮುನ್ನ ಪ್ರತಿ ಕುಟುಂಬವೂ ಒಂದು ಹಾಳೆಯಲ್ಲಿ ನಾಲ್ವರು ಮುತ್ತಜ್ಜಿಯರ ಹೆಸರು ಮತ್ತು ತವರೂರುಗಳನ್ನು ಬರೆಯಲಿ. ಬಹುಪಾಲು ಮನೆಗಳಲ್ಲಿ ಆ ಹಾಳೆ ತುಂಬುವುದು ಕಷ್ಟ. ತುಂಬಿಸಬಲ್ಲ ಅಜ್ಜಿಯರು, ಅತ್ತೆಯರು, ದೊಡ್ಡಮ್ಮಂದಿರು ಇನ್ನೂ ಇದ್ದಾರೆ. ಬರುವ ದಶಲಕ್ಷಣ ಪರ್ವದೊಳಗೆ ಅವರಿಗೆ ಫೋನು ಮಾಡಿ ಕೇಳಿದರೂ ಸಾಕು, ಯಾವ ಸರ್ಕಾರಿ ಜಾಲತಾಣದಲ್ಲೂ ಸಿಗದ ದಾಖಲೆಯೊಂದು ಉಳಿದುಕೊಳ್ಳುತ್ತದೆ.