ಅಂಚೆಮುದ್ರೆಯಿಲ್ಲದ ಓಲೆ

ಮುಂಬಯಿಗೋ ಪುಣೆಗೋ ದುಡಿಯಲು ಹೋದ ಮಗನ ಕಾಗದ ಬಂದರೆ, ನಮ್ಮ ಗಡಿನಾಡಿನ ಹಿರಿಯರು ಒಕ್ಕಣೆಗಿಂತ ಮೊದಲು ಅಂಚೆಯ ಮುದ್ರೆಯನ್ನು ನೋಡುತ್ತಿದ್ದರು. ಬರೆದವನು ಊರ ಹೆಸರನ್ನು ಮರೆತಿದ್ದರೂ ಮುದ್ರೆ ಅದನ್ನು ಹೇಳಿಬಿಡುತ್ತಿತ್ತು. ಇಂದಿನ ಇ-ಮೇಲಿಗೂ ಅಂಥ ಮುದ್ರೆಗಳುಂಟು; ಅವು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಸಣ್ಣದೊಂದು ಸಂಸ್ಥೆಯ ಮೇಲ್ ಸರ್ವರನ್ನು ನೋಡಿಕೊಳ್ಳುವ ಓದುಗ ಮಿತ್ರರೊಬ್ಬರು ಈ ಸಲ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಸಹೋದ್ಯೋಗಿಯಾದ ಸೋದರಿಯೊಬ್ಬರು ಗಂಡನ ಮನೆಯ ಹಿಂಸೆಯನ್ನು ತಾಳಲಾರದೆ ಬೇರೆ ಊರಿನಲ್ಲಿದ್ದು, ಅಲ್ಲಿಂದಲೇ ಕೆಲಸ ಮಾಡುತ್ತಿದ್ದಾರೆ. ಅವರೊಬ್ಬರ ಪತ್ರಗಳಿಂದ ಮಾತ್ರ ಈ ಗುರುತನ್ನು ತೆಗೆಯಬಹುದೇ ಎಂಬುದು ಪ್ರಶ್ನೆ.

ಪತ್ರದ ತಲೆಯ ಮೇಲಿನ ಸಾಲುಗಳಿಗೆ ಹೆಡರ್ ಎಂದು ಹೆಸರು. ಪತ್ರವು ದಾಟಿಬಂದ ಪ್ರತಿಯೊಂದು ಸರ್ವರೂ ‘ರಿಸೀವ್ಡ್’ ಎಂಬ ಸಾಲೊಂದನ್ನು ಮೇಲೆ ಸೇರಿಸಬೇಕೆಂಬ ಪದ್ಧತಿಯು 1982ರ ನಿಯಮಗಳಿಂದಲೇ ಬಂದಿದೆ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಕಳುಹಿಸಿದವರ ಐಪಿ ವಿಳಾಸವೂ, ಕೆಲವೊಮ್ಮೆ ಕಂಪ್ಯೂಟರಿನ ಹೆಸರೂ ಇರುತ್ತವೆ. ಅದರಿಂದ ಮನೆಯ ಬಾಗಿಲು ತಿಳಿಯದು. ಆದರೆ ಊರು ಯಾವುದೆಂಬ ಅಂದಾಜು ಹಲವು ಬಾರಿ ಸಿಗುತ್ತದೆ. ಹೆದರಿ ಬದುಕುವವರಿಗೆ ಅಷ್ಟೇ ಸಾಕು.

ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ‘ಹೆಡರ್ ಚೆಕ್ಸ್’ ಎಂಬ ಪಟ್ಟಿಯಿದೆ. ಇಂಥ ಹೆಡರ್ ಕಂಡರೆ ‘ಇಗ್ನೋರ್’ ಎಂದು ಬರೆದರೆ ಅದು ಬಿಟ್ಟುಹೋಗುತ್ತದೆ. ತೊಡಕು ಇಲ್ಲಿಯೇ ಇದೆ. ಈ ಪಟ್ಟಿಯು ಒಂದು ಸಲಕ್ಕೆ ಒಂದೇ ಹೆಡರನ್ನು ನೋಡುತ್ತದೆ. ‘ಕಳುಹಿಸಿದವರು ಇವರಾದರೆ ಆ ಸಾಲನ್ನು ತೆಗೆ’ ಎಂಬ ಎರಡು ಹೆಡರುಗಳ ಮಾತು ಅದಕ್ಕೆ ತಿಳಿಯದು.

ಆದುದರಿಂದ ಆ ಸೋದರಿಯ ಪತ್ರಗಳಿಗೆ ಬೇರೆ ದಾರಿಯನ್ನೇ ಮಾಡಬೇಕು. ‘ಮಾಸ್ಟರ್.ಸಿಎಫ್’ ಕಡತದಲ್ಲಿ ಹೊಸ ಹೆಸರಿನ ಎಸ್‌ಎಂಟಿಪಿ ಸೇವೆಯೊಂದನ್ನು ಬರೆದು, ಅದಕ್ಕೆ ಮಾತ್ರ ‘ಎಸ್‌ಎಂಟಿಪಿ ಹೆಡರ್ ಚೆಕ್ಸ್’ ಪಟ್ಟಿಯನ್ನು ಜೋಡಿಸಬೇಕು. ‘ಸೆಂಡರ್ ಡಿಪೆಂಡೆಂಟ್ ಡಿಫಾಲ್ಟ್ ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್’ ಎಂಬಲ್ಲಿ ಅವರ ವಿಳಾಸದ ಮುಂದೆ ಆ ಸೇವೆಯ ಹೆಸರನ್ನು ಬರೆಯಬೇಕು. ಈ ಕೋಷ್ಟಕವು ನೋಡುವುದು ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸವನ್ನು; ಪತ್ರದೊಳಗಿನ ‘ಫ್ರಮ್’ ಸಾಲನ್ನಲ್ಲ. ಇನ್ನು ಮೇಲಿನ ಮುದ್ರೆಗಳು, ಪತ್ರವು ಸಂಸ್ಥೆಯ ಯಂತ್ರದಿಂದ ಹೊರಟಿತೆಂಬುದನ್ನಷ್ಟೇ ಹೇಳುತ್ತವೆ.

ಮೂರು ಎಚ್ಚರಿಕೆಗಳು ಬೇಕು. ಸಂಸ್ಥೆಯೊಳಗಿನ ವಿಳಾಸಗಳಿಗೆ ಹೋಗುವ ಪತ್ರ ಈ ದಾರಿಯನ್ನು ಹಿಡಿಯದು; ಅದರಲ್ಲಿ ಮುದ್ರೆ ಉಳಿದೇ ಇರುತ್ತದೆ. ಎರಡನೆಯದಾಗಿ, ಡಿಕೆಐಎಂ ಎಂಬ ಸಹಿಯಲ್ಲಿ ಸೇರಿದ ಹೆಡರನ್ನು ಆಮೇಲೆ ತೆಗೆದರೆ ಸಹಿಯೇ ಕೆಡುತ್ತದೆ, ಪತ್ರ ಸಂಶಯಕ್ಕೆ ಗುರಿಯಾಗುತ್ತದೆ. ಮೂರನೆಯದಾಗಿ, ಒಕ್ಕಣೆಯಲ್ಲಿ ಊರ ಹೆಸರು ಬಂದರೆ ಅಥವಾ ಸ್ಥಳದ ವಿವರವನ್ನು ಹೊತ್ತ ಛಾಯಾಚಿತ್ರವನ್ನು ಲಗತ್ತಿಸಿದರೆ ಈ ಶ್ರಮವೆಲ್ಲ ವ್ಯರ್ಥ.

ಹಾಗಾದರೆ ಎಲ್ಲರ ಮುದ್ರೆಯನ್ನೂ ತೆಗೆದುಬಿಡಬಾರದೇಕೆ? ಒಮ್ಮೆ ಸೇರಿಸಿದ ಈ ಸಾಲನ್ನು ಬದಲಿಸಲೂ ಅಳಿಸಲೂ ಬಾರದೆಂದು 2008ರ ನಿಯಮಾವಳಿ ಹೇಳುತ್ತದೆ. ಮೋಸದ ಪತ್ರ ಎಲ್ಲಿಂದ ಬಂತು, ಬಂದ ಪತ್ರ ಎಲ್ಲಿ ತಡವಾಯಿತು ಎಂಬುದನ್ನು ತಿಳಿಯುವುದು ಅದರಿಂದಲೇ. ನಾವು ಬಿಡುವುದು ನಮ್ಮದೇ ಯಂತ್ರ ಒತ್ತಿದ ಮೊದಲ ಮುದ್ರೆಯನ್ನು, ಅದೂ ಒಬ್ಬರ ಪ್ರಾಣಭಯದ ಕಾರಣದಿಂದ. ಸರ್ವರಿನ ದಿನಚರಿಯಲ್ಲಿ ದಾಖಲೆ ಇದ್ದೇ ಇರುವುದರಿಂದ, ನ್ಯಾಯಾಲಯ ಕೇಳಿದರೆ ಉತ್ತರ ಕೊಡಬಹುದು.

ಕೆಲಸ ಮುಗಿದ ಮೇಲೆ ಹೊರಗಿನ ವಿಳಾಸವೊಂದಕ್ಕೆ ಎರಡು ಪತ್ರಗಳನ್ನು ಕಳುಹಿಸಿ ನೋಡಿರಿ: ಒಂದು ಆ ಸೋದರಿಯದು, ಇನ್ನೊಂದು ಬೇರೊಬ್ಬರದು. ಮೊದಲನೆಯದರಲ್ಲಿ ಗುರುತು ಇರಬಾರದು; ಎರಡನೆಯದರಲ್ಲಿ ಇರಲೇಬೇಕು. ಎರಡೂ ಸರಿಯಾಗಿದ್ದರೆ ಮಾತ್ರ ಆಕೆಗೆ ಧೈರ್ಯ ಹೇಳಿರಿ.