ಬರಹದ ಒಡೆತನ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ಮೇಲೆ ಸಾವಿರ ವರ್ಷಗಳಿಗೂ ಹಿಂದೆ ಕೊರೆದ ಶಾಸನಗಳಿವೆ. ಹಳೆಯ ಲಿಪಿಯನ್ನು ಬಲ್ಲವರು ಅವನ್ನು ಇಂದಿಗೂ ಓದುತ್ತಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಅರ್ಜಿ, ಲೆಕ್ಕಪತ್ರ, ಪಾಠಗಳನ್ನು ಗಣಕಯಂತ್ರದಲ್ಲಿ ಬರೆಯುವುದು ರೂಢಿಯಾಗಿದೆ. ಕೆಲವು ತಂತ್ರಾಂಶಗಳು ಮೊದಲು ಕೆಲವು ದಿನ ಉಚಿತವಾಗಿ ದೊರೆಯುತ್ತವೆ. ಅವಧಿ ಮುಗಿದೊಡನೆ ಬರಹವನ್ನು ತಿದ್ದಲು ಬಿಡುವುದಿಲ್ಲ. ಬರೆದುದೆಲ್ಲ ನಾಶವಾಯಿತೆಂದು ಆಗ ಹಲವರು ಕಂಗೆಡುತ್ತಾರೆ. ಆದರೆ ಗಣಕದಲ್ಲಿ ಉಳಿಸಿದ ಕಡತವು ಅಲ್ಲಿಯೇ ಇರುತ್ತದೆ. ಲಿಬ್ರೆ ಆಫೀಸ್‌ನಂತಹ ಉಚಿತ ತಂತ್ರಾಂಶದಿಂದ ಅಂತಹ ಅನೇಕ ಕಡತಗಳನ್ನು ತೆರೆದು ತಿದ್ದಬಹುದು.

ತಂತ್ರಾಂಶವನ್ನು ರಚಿಸಿದವರು ತಮ್ಮ ಶ್ರಮಕ್ಕೆ ಬೆಲೆ ಕೇಳುವುದು ನ್ಯಾಯವೇ ಸರಿ. ಆದರೆ ಲೇಖನಿಯನ್ನು ಬಾಡಿಗೆಗೆ ಕೊಟ್ಟವನು ಅದರಿಂದ ಬರೆದ ಪತ್ರಕ್ಕೆ ಒಡೆಯನಾಗಲಾರನು. ಯಾವ ತಂತ್ರಾಂಶವಾದರೂ ಬಳಸಬಹುದಾದ ಓ.ಡಿ.ಎಫ್. ಎಂಬ ಮುಕ್ತ ಕಡತರೂಪವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2006ರಲ್ಲಿ ಅಂಗೀಕರಿಸಿದೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಎಂಬ ಸಮಾನ ಸಂಕೇತವಿದೆ. ಬರೆಯುವವರು ಇವೆರಡನ್ನೂ ಬಳಸಬೇಕು. ಬರೆದುದರ ಪ್ರತಿಯೊಂದನ್ನು ಬೇರೆಡೆ ಕಾಪಾಡಬೇಕು. ಮನೆಯನ್ನು ಕಟ್ಟಿದವನ ಬಳಿಯಲ್ಲಿಯೇ ಅದರ ಬೀಗದ ಕೈಯೂ ಇರಬೇಕಲ್ಲವೆ?